ಅಪ್ಪನ ಸ್ಕೂಟರ್ ಮೇಲೆ ಮೂರು ಚಲನ್, ಒಂದು ಕೋರ್ಟಿಗೆ ಹೋಗಿದೆ. ಎಲ್ಲಿ ಹುಡುಕಬೇಕು?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು, ಈಗ 66 ವರ್ಷ. ಅವರ ಹೆಸರಿನಲ್ಲಿ ಒಂದು ಸ್ಕೂಟರ್ ಇದೆ. ಮೂರು ವರ್ಷ ಅದನ್ನು ನಾನು ಬೆಂಗಳೂರಿನಲ್ಲಿ ಓಡಿಸಿದೆ, ಹೋದ ವರ್ಷ ಮನೆಗೆ ವಾಪಸ್ ತಂದೆ. ಈಗ ಮಾರೋಣ ಅಂತ ಪರಿವಾಹನ್ ಸೈಟಿನಲ್ಲಿ ನಂಬರ್ ಹಾಕಿ ನೋಡಿದರೆ ಮೂರು ಚಲನ್ ಬಾಕಿ ತೋರಿಸುತ್ತಿದೆ.

ಎರಡು ನನ್ನವೇ. ಹಿಂದೆ ಕೂತಿದ್ದ ಗೆಳತಿ ಹೆಲ್ಮೆಟ್ ಹಾಕಿರಲಿಲ್ಲ. ತಪ್ಪು ನಮ್ಮದು, ತಲಾ 500 ರೂಪಾಯಿ ಕಟ್ಟುತ್ತೇನೆ. ಮೂರನೆಯದು ಸಿಗ್ನಲ್ ಜಂಪ್. ನಮ್ಮ ಮನೆಯವರು ಯಾರೂ ಗಾಡಿ ತಗೊಂಡು ಹೋಗದ ಊರಿನಲ್ಲಿ ಬಿದ್ದಿದೆ. ಆ ವಾರ ಪೂರ್ತಿ ಸ್ಕೂಟರ್ ನಮ್ಮ ಶೆಡ್ಡಿನಲ್ಲೇ ಇತ್ತು, ಬ್ಯಾಟರಿ ಹೋಗಿತ್ತು. ಅದರ ಮುಂದೆ ಕೋರ್ಟಿಗೆ ಕಳಿಸಲಾಗಿದೆ ಎಂದು ಇಂಗ್ಲಿಷ್‌ನಲ್ಲಿ ಬರೆದಿದೆ.

ಅಪ್ಪ ಎರಡು ರಾತ್ರಿಯಿಂದ ಸರಿಯಾಗಿ ಮಲಗಿಲ್ಲ. "ಇಷ್ಟು ವರ್ಷದ ಸರ್ವಿಸ್‌ನಲ್ಲಿ ಒಂದು ಮೆಮೊ ತಗೊಂಡವನಲ್ಲ, ಈಗ ಕಟಕಟೆ ಹತ್ತಬೇಕಾ?" ಎಂದು ಕೇಳುತ್ತಾರೆ. 500 ರೂಪಾಯಿ ತಾನೇ, ಬಿಸಾಕಿ ಮುಗಿಸು ಅಂತ ಅಣ್ಣ ಹೇಳುತ್ತಾನೆ. ಮಾಡದ ತಪ್ಪನ್ನು ಒಪ್ಪಿಕೊಂಡ ಹಾಗೆ ಆಗಲ್ವಾ? ಯಾವ ಕೋರ್ಟು, ಯಾವ ಕೇಸ್ ನಂಬರ್, ಯಾವತ್ತು ಹೋಗಬೇಕು, ಒಂದೂ ಗೊತ್ತಿಲ್ಲ. ಸಮನ್ಸ್ ಕೂಡ ಬಂದಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಬೆಣ್ಣೆದೋಸೆ_ದಾವಣಗೆರೆ

ಅಕ್ಕ, ಏನೂ ಕಟ್ಟಬೇಡಿ. 50 ಪರ್ಸೆಂಟ್ ಡಿಸ್ಕೌಂಟ್ ಬಿಟ್ಟಾಗ ಮೂರನ್ನೂ ಒಟ್ಟಿಗೆ ಕಟ್ಟಿ. ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದು. 2023ರ ಫೆಬ್ರವರಿಯಲ್ಲಿ ಬಿಟ್ಟಿದ್ದರು, 2025ರ ಆಗಸ್ಟ್‌ನಲ್ಲೂ ಬಿಟ್ಟರು. ಮತ್ತೆ ಬಿಡುತ್ತಾರೆ.

ಮೀಟರ್_ಮೇಲೆ

ಮೇಡಂ, ನಾನು ಬೆಂಗಳೂರಿನಲ್ಲಿ 19 ವರ್ಷದಿಂದ ಆಟೊ ಓಡಿಸುತ್ತೇನೆ. ಚಲನ್ ವಿಷಯದಲ್ಲಿ ಸುಮಾರು ಪೆಟ್ಟು ತಿಂದಿದ್ದೇನೆ. ಮೊದಲು ಒಂದು ಕೆಲಸ ಮಾಡಿ, ಆ ಮೂರನೇ ಚಲನ್‌ನ ಫೋಟೊ ತೆಗೆದು ನೋಡಿ. ಕ್ಯಾಮೆರಾ ಕೇಸ್ ಆದರೆ ಫೋಟೊ ಇರುತ್ತದೆ. ಗಾಡಿ ಯಾವುದು, ಬಣ್ಣ ಯಾವುದು, ನಂಬರ್ ಪ್ಲೇಟ್ ದೊಡ್ಡದು ಮಾಡಿ ಒಂದೊಂದೇ ಅಕ್ಷರ ಓದಿ. 3 ಮತ್ತು 8 ಅದಲುಬದಲು ಆಗುತ್ತದೆ. ಪ್ಲೇಟಿನ ಮೇಲೆ ಸ್ವಲ್ಪ ಕೆಸರು ಇದ್ದರೂ ಸಾಕು. ನನಗೆ ಒಂದು ಸಲ ಯಾರದೋ ಕಾರಿನ ಪಾರ್ಕಿಂಗ್ ಕೇಸ್ ಬಂದಿತ್ತು.

ಫೋಟೊ ಇಲ್ಲಿ ಹಾಕಬೇಡಿ, ನೋಡಿ ಹೇಳಿ ಸಾಕು.

ಹೇಮಾವತಿ_ದಂಡೆ

ಅಣ್ಣಾ, ಈಗ ನೋಡಿದೆ. ಕೈ ನಡುಗುತ್ತಿದೆ. ಫೋಟೊದಲ್ಲಿ ಇರುವುದು ಕಪ್ಪು ಬೈಕ್, ಗೇರ್ ಇರುವಂಥದ್ದು. ನಮ್ಮದು ಬೂದು ಬಣ್ಣದ ಸ್ಕೂಟರ್. ಪ್ಲೇಟ್ ದೊಡ್ಡದು ಮಾಡಿದರೆ ಕೆಎ 18 ಥರ ಕಾಣುತ್ತದೆ. ಅದು ಚಿಕ್ಕಮಗಳೂರು ಅಲ್ವಾ? ನಮ್ಮದು ಕೆಎ 13. ಮಿಕ್ಕ ಅಕ್ಷರ, ನಂಬರ್ ಎಲ್ಲಾ ಒಂದೇ.

ಕಪ್ಪು_ಕೋಟು

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಈ ಪ್ರಶ್ನೆ ವಾರಕ್ಕೊಮ್ಮೆ ಯಾರಾದರೂ ಕೇಳುತ್ತಾರೆ.

ಮೊದಲಿಗೆ ತಂದೆಯವರಿಗೆ ಹೇಳಿ, ಇದಕ್ಕೆ ಯಾರೂ ಮನೆಗೆ ಬಂದು ಹಿಡಿದುಕೊಂಡು ಹೋಗುವುದಿಲ್ಲ. ನಿದ್ದೆ ಮಾಡಲಿ.

ಒಂದು ಚಲನ್ ಮೂರು ಜಾಗದಲ್ಲಿ ಇರಬಹುದು. ಪೊಲೀಸರ ಹತ್ತಿರವೇ ಇರಬಹುದು. ವರ್ಚುವಲ್ ಕೋರ್ಟಿಗೆ, ಅಂದರೆ ಚಲನ್ ಕೇಸುಗಳನ್ನು ಆನ್‌ಲೈನ್‌ನಲ್ಲೇ ನೋಡುವ ಕೋರ್ಟಿಗೆ, ಹೋಗಿರಬಹುದು. ಇಲ್ಲವೇ ಆ ಊರಿನ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದಾಖಲಾಗಿರಬಹುದು. ಎಲ್ಲಿದೆ ಅಂತ ತಿಳಿಯುವ ಮೊದಲು ದುಡ್ಡು ಕಟ್ಟುವುದೂ ಬೇಡ, ವಕೀಲರನ್ನು ಹುಡುಕುವುದೂ ಬೇಡ. ಜನ ಎಡವುವುದು ಇಲ್ಲೇ. ಪೊಲೀಸ್ ಸೈಟಿನಲ್ಲಿ ಬಾಕಿ ಇಲ್ಲ ಎಂದು ಬಂದರೆ ಕೇಸ್ ಮುಗಿಯಿತು ಅಂದುಕೊಳ್ಳುತ್ತಾರೆ. ಅದು ಅಲ್ಲಿಂದ ಕೋರ್ಟಿಗೆ ದಾಟಿರುತ್ತದೆ ಅಷ್ಟೇ.

ಪರಿವಾಹನ್‌ನ ಇ-ಚಲನ್ ಸೈಟಿನಲ್ಲಿ ಚಲನ್ ನಂಬರ್, ಗಾಡಿ ನಂಬರ್ ಅಥವಾ ಡಿಎಲ್ ನಂಬರ್ ಹಾಕಿ ಹುಡುಕಬಹುದು. ಗಾಡಿ ನಂಬರ್ ಹಾಕಿದರೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ಐದು ಅಂಕೆ ಕೇಳುತ್ತದೆ, ಆರ್‌ಸಿ ಎದುರಿಗೆ ಇಟ್ಟುಕೊಳ್ಳಿ. ಅಲ್ಲಿ ಕೋರ್ಟಿಗೆ ಹೋಗಿದೆ ಎಂದಿದ್ದರೆ ಮುಂದಿನ ನಿಲ್ದಾಣ ವರ್ಚುವಲ್ ಕೋರ್ಟಿನ ಸೈಟು. ವಿಳಾಸ ವಿಕೋರ್ಟ್ಸ್ ಡಾಟ್ ಜಿಒವಿ ಡಾಟ್ ಇನ್. ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಟ್ರಾಫಿಕ್ ಆರಿಸಿ. ಮೊಬೈಲ್ ನಂಬರ್, ಸಿಎನ್‌ಆರ್ ನಂಬರ್, ಹೆಸರು, ಚಲನ್ ಅಥವಾ ಗಾಡಿ ನಂಬರ್, ಯಾವುದರಿಂದ ಬೇಕಾದರೂ ಹುಡುಕಬಹುದು. ಸಿಎನ್‌ಆರ್ ಅಂದರೆ ಆ ಕೇಸಿನ ಆಧಾರ್ ನಂಬರ್ ಇದ್ದ ಹಾಗೆ, 16 ಅಕ್ಷರ ಮತ್ತು ಅಂಕೆ ಸೇರಿ ಇರುತ್ತದೆ. ಸಿಕ್ಕಿದ ಕೂಡಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಇದೊಂದು ಇದ್ದರೆ ಕೇಸ್ ಯಾವ ಕೋರ್ಟಿಗೆ ಹೋದರೂ ಹಿಂಬಾಲಿಸಬಹುದು.

ವರ್ಚುವಲ್ ಕೋರ್ಟಿನಲ್ಲಿ ಕೇಸ್ ತೆರೆದರೆ ಎರಡು ದಾರಿ ಇರುತ್ತವೆ. ಸೂಚಿಸಿದ ದಂಡ ಕಟ್ಟುತ್ತೇನೆ ಎನ್ನುವುದು ಒಂದು. ಒಪ್ಪುವುದಿಲ್ಲ, ಕೇಸ್ ನಡೆಸುತ್ತೇನೆ ಎನ್ನುವುದು ಇನ್ನೊಂದು. ಕಟ್ಟಿದರೆ ತಪ್ಪು ಒಪ್ಪಿಕೊಂಡ ಹಾಗೆ, ಕೇಸ್ ಮುಕ್ತಾಯ. ಎರಡನೆಯದು ಒತ್ತಿದರೆ ಕಡತ ಆ ವ್ಯಾಪ್ತಿಯ ಮಾಮೂಲಿ ಕೋರ್ಟಿಗೆ ಹೋಗುತ್ತದೆ, ಅಲ್ಲಿ ತಾರೀಖು ಬೀಳುತ್ತದೆ. ಒಂದು ಸಲ ಒತ್ತಿದ ಮೇಲೆ ಮನಸ್ಸು ಬದಲಾಯಿಸುವುದು ಕಷ್ಟ. ಮನೆಯಲ್ಲಿ ಮಾತಾಡಿ ಒತ್ತಿ.

ನಿಮ್ಮ ಅಣ್ಣನ ಮಾತಿನ ಬಗ್ಗೆ. 500 ಚಿಕ್ಕದು, ನಿಜ. ಆದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಕೆಂಪು ದೀಪ ದಾಟುವುದು ಅಪಾಯಕಾರಿ ಚಾಲನೆಯ 184ನೇ ಸೆಕ್ಷನ್ನಿನ ವಿವರಣೆಯಲ್ಲೂ ಸೇರಿದೆ. ಯಾವ ಸೆಕ್ಷನ್ ಹಾಕಿದ್ದಾರೆ ಅಂತ ಮೊದಲು ಓದಿ. ಎದುರಿಗೆ ಬೇರೆ ಗಾಡಿಯ ಫೋಟೊ ಇರುವಾಗ ಮಾಡದ ತಪ್ಪನ್ನು ಹೆಸರಿಗೆ ಬರೆಸಿಕೊಳ್ಳುವುದು ಯಾಕೆ? ನಾನಾಗಿದ್ದರೆ ಕಟ್ಟುತ್ತಿರಲಿಲ್ಲ.

ಕುಡ್ಲದವ

ಕಪ್ಪು ಕೋಟು ಸರ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ವರ್ಚುವಲ್ ಕೋರ್ಟ್ ಒಟಿಪಿ ಕಳಿಸುತ್ತದೆ. ನನ್ನ ಅಮ್ಮನ ಗಾಡಿಗೆ ಹಳೇ ನಂಬರ್ ಕೊಟ್ಟಿದ್ದೆವು, ಆ ಸಿಮ್ ಎಂದೋ ಹೋಗಿತ್ತು. ಮೊದಲು ವಾಹನ್ ಸೇವೆಯಲ್ಲಿ ಆರ್‌ಸಿಗೆ ಸೇರಿದ ಮೊಬೈಲ್ ನಂಬರ್ ಬದಲಾಯಿಸಬೇಕಾಯಿತು. ಸಮನ್ಸ್, ಮೆಸೇಜ್ ಬರದೇ ಇರುವುದಕ್ಕೂ ಇದೇ ಕಾರಣ ಇರಬಹುದು. ನಿಮ್ಮ ಅಪ್ಪನ ಆರ್‌ಸಿಯಲ್ಲಿ ಯಾವ ನಂಬರ್ ಇದೆ ನೋಡಿ.

ಹೇಮಾವತಿ_ದಂಡೆ

ಹೌದು! ಅದರಲ್ಲಿ ಇರುವುದು ಡೀಲರ್ ಕಡೆಯ ಹುಡುಗ ಹಾಕಿದ ಯಾವುದೋ ನಂಬರ್. ಅಪ್ಪನದ್ದೇ ಅಲ್ಲ.

ಮೀಟರ್_ಮೇಲೆ

ಇದು ತುಂಬಾ ಜನರ ಕಥೆ ಮೇಡಂ. ನಮ್ಮ ಸ್ಟ್ಯಾಂಡಿನಲ್ಲಿ ಅರ್ಧ ಜನರ ಆರ್‌ಸಿಯಲ್ಲಿ ಸ್ವಂತ ನಂಬರ್ ಇಲ್ಲ. ಕೇಸ್ ಬಿದ್ದಿದ್ದು ಗೊತ್ತಾಗುವುದೇ ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ.

ಚಾಮುಂಡಿ_ಮೆಟ್ಟಿಲು

ನನ್ನದೂ ಒಂದು ಪ್ರಶ್ನೆ, ಇಲ್ಲೇ ಕೇಳುತ್ತೇನೆ. ಮೈಸೂರಿನಿಂದ ಬೆಂಗಳೂರಿಗೆ ಹೈವೇನಲ್ಲಿ ಹೋಗುವಾಗ ಓವರ್‌ಸ್ಪೀಡ್ ಕೇಸ್ ಬಿದ್ದಿದೆ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ. ನಾನು 100 ದಾಟಿದ್ದು ನಿಜ, ವಾದ ಇಲ್ಲ. ಆದರೆ ನಾನು ಮೈಸೂರು ಕೋರ್ಟಿನಲ್ಲಿ ಹುಡುಕಿದರೂ ಏನೂ ಸಿಗುತ್ತಿಲ್ಲ.

ಕಪ್ಪು_ಕೋಟು

ನಿಮ್ಮ ಮನೆ ಎಲ್ಲಿದೆ ಅನ್ನುವುದು ಲೆಕ್ಕಕ್ಕಿಲ್ಲ, ತಪ್ಪು ನಡೆದ ಜಾಗ ಯಾವ ಠಾಣೆಗೆ ಸೇರುತ್ತದೆ ಅನ್ನುವುದು ಮುಖ್ಯ. ಆ ರಸ್ತೆ ನಾಲ್ಕು ಜಿಲ್ಲೆ ದಾಟುತ್ತದೆ. ಚಲನ್‌ನಲ್ಲಿ ಜಾಗದ ಹೆಸರು ಇರುತ್ತದೆ. ಮದ್ದೂರು ಅಂತಿದ್ದರೆ ಮಂಡ್ಯ ಜಿಲ್ಲೆ ಆರಿಸಿ. ಚನ್ನಪಟ್ಟಣ ಅಂತಿದ್ದರೆ ರಾಮನಗರ. ಆ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಗಿದೆ, ಪಟ್ಟಿಯಲ್ಲಿ ಎರಡೂ ಹೆಸರು ಹುಡುಕಿ.

ಮಾಮೂಲಿ ಕೋರ್ಟಿನ ದಾಖಲೆ ನೋಡಲು ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಇದೆ, ಫ್ರೀ. ಸಿಎನ್‌ಆರ್ ಇದ್ದರೆ ಅದೊಂದೇ ಸಾಕು. ಇಲ್ಲದಿದ್ದರೆ ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿ, ಪಾರ್ಟಿ ಹೆಸರು ಮತ್ತು ವರ್ಷ ಹಾಕಿ. ಹೆಸರಿನ ಸ್ಪೆಲಿಂಗ್‌ನಲ್ಲಿ ತಾಳ್ಮೆ ಬೇಕು. ನಮ್ಮ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಶಿವಣ್ಣ ಅಂತ ಹುಡುಕಿ ಸಿಗದಿದ್ದರೆ ಒಂದು ಎನ್ ತೆಗೆದು ನೋಡಿ, ವಿ ಬದಲು ಡಬ್ಲ್ಯೂ ಹಾಕಿ ನೋಡಿ. ಇನಿಷಿಯಲ್ ಹಿಂದೆ ಮುಂದೆ ಮಾಡಿ. ಬಾಕಿ ಕೇಸ್, ಮುಗಿದ ಕೇಸ್, ಎರಡೂ ಕಡೆ ನೋಡುವುದನ್ನು ಮರೆಯಬೇಡಿ. ಸಿಕ್ಕಿದರೆ ಕೇಸ್ ನಂಬರ್, ಮುಂದಿನ ತಾರೀಖು, ಯಾವ ಹಾಲ್, ಎಲ್ಲಾ ಅದರಲ್ಲೇ ಇರುತ್ತದೆ.

ಅದರಲ್ಲೂ ಸಿಗದಿದ್ದರೆ ಚಲನ್ ಪ್ರಿಂಟ್ ತಗೊಂಡು ಆ ಠಾಣೆಗೆ ಹೋಗಿ, ಕೋರ್ಟ್ ಕೆಲಸ ನೋಡುವ ಕಾನ್‌ಸ್ಟೇಬಲ್ ಯಾರು ಅಂತ ಕೇಳಿ. ಅವರ ರಿಜಿಸ್ಟರ್‌ನಲ್ಲಿ ಇರುತ್ತದೆ. ಇದು ಯಾವ ಆ್ಯಪ್‌ಗಿಂತ ಬೇಗ ಆಗುವ ಕೆಲಸ, ನನ್ನ ಅನುಭವದಲ್ಲಿ.

ಬೆಣ್ಣೆದೋಸೆ_ದಾವಣಗೆರೆ

ಸರ್, ಡಿಸ್ಕೌಂಟ್‌ಗೆ ಕಾಯೋದು ತಪ್ಪಾ? ನನ್ನ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ.

ಕಪ್ಪು_ಕೋಟು

ತಪ್ಪು ಅಂತ ಹೇಳುವುದಿಲ್ಲ. 2023ರಲ್ಲಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಸಲಹೆ ಕೊಟ್ಟ ಮೇಲೆ ಸರ್ಕಾರ ಫೆಬ್ರವರಿ 3ರಿಂದ 11ರವರೆಗೆ ಅರ್ಧ ದಂಡಕ್ಕೆ ಅವಕಾಶ ಮಾಡಿತು. 11ನೇ ತಾರೀಖು ರಾಷ್ಟ್ರೀಯ ಲೋಕ್ ಅದಾಲತ್ ಇತ್ತು. ಜನ ಸಾಲು ನಿಂತು ಕಟ್ಟಿದರು, ಮತ್ತೆ ಮುಂದುವರಿಸಿದರು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12. ಆದರೆ ಪ್ರತಿ ಸಲವೂ ಸರ್ಕಾರ ಬೇರೆ ಆದೇಶ ಹೊರಡಿಸಬೇಕು. ಅದು ನಮ್ಮ ಹಕ್ಕಲ್ಲ. ಇವರು ಗಾಡಿ ಮಾರಬೇಕು, ಬಾಕಿ ಇಟ್ಟುಕೊಂಡು ಮಾರುವುದು ಕೊಳ್ಳುವವರಿಗೂ ತೊಂದರೆ. ಎರಡು ಹೆಲ್ಮೆಟ್ ಕೇಸಿಗೆ ಒಟ್ಟು 1000, ಅರ್ಧ ಅಂದರೆ 500 ಉಳಿಯುತ್ತದೆ. ಅದಕ್ಕೋಸ್ಕರ ಎಷ್ಟು ತಿಂಗಳು ಕಾಯುತ್ತೀರಿ?

ಲೋಕ್ ಅದಾಲತ್ ಬೇರೆ ಮಾತು. ಕೋರ್ಟಿನಲ್ಲಿರುವ ರಾಜಿ ಆಗುವಂಥ ಕೇಸುಗಳನ್ನು ಅಲ್ಲಿ ಒಂದೇ ದಿನಕ್ಕೆ ಮುಗಿಸಿಕೊಳ್ಳಬಹುದು. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ. ತಪ್ಪು ಒಪ್ಪುವವರಿಗೆ ಒಳ್ಳೆಯದು. ತಪ್ಪು ಮಾಡೇ ಇಲ್ಲ ಅನ್ನುವವರು ಅಲ್ಲಿ ಹೋಗಿ ಒಪ್ಪಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹಳೇಬೈಕ್

ಗಾಡಿ ಮಾರುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2021ರಲ್ಲಿ ನನ್ನ ಬೈಕ್ ಒಬ್ಬ ಪರಿಚಯದವರಿಗೆ ಕೊಟ್ಟೆ. ಗಾಡಿಯನ್ನು ಕೊಂಡವರ ಹೆಸರಿಗೆ ಮಾಡಿಸುವ ಫಾರ್ಮ್ 29, ಫಾರ್ಮ್ 30 ಎರಡಕ್ಕೂ ಸೈನ್ ಹಾಕಿ ಅವರ ಕೈಗೇ ಕೊಟ್ಟುಬಿಟ್ಟೆ. ಅವರು ಆರ್‌ಟಿಒಗೆ ಹೋಗಲೇ ಇಲ್ಲ. ಎರಡು ವರ್ಷದಲ್ಲಿ 11 ಚಲನ್ ನನ್ನ ಹೆಸರಿಗೆ. ಕಾನೂನಿನ ಪ್ರಕಾರ ಮಾರಿದವರು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ. ನನ್ನ ಕಡೆಯಿಂದ ತಿಳಿಸಿದ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಅರ್ಧ ಅವರು, ಅರ್ಧ ನಾನು ಕಟ್ಟಿ ಮುಗಿಸಿದೆವು. ಸ್ನೇಹವೂ ಹೋಯಿತು.

ನೀವು ಮಾರುವಾಗ ಆರ್‌ಸಿ ಬೇರೆಯವರ ಹೆಸರಿಗೆ ಆಗಿದ್ದನ್ನು ಕಣ್ಣಾರೆ ನೋಡುವವರೆಗೆ ಬಿಡಬೇಡಿ.

ಸಂಜೆಗಣ್ಣು

ಇಲ್ಲಿ ವಕೀಲರು ಇದ್ದಾರೆ ಅಂತ ಕೇಳುತ್ತಿದ್ದೇನೆ. ನನ್ನ ತಮ್ಮ ಹೊಸ ವರ್ಷದ ರಾತ್ರಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದಾನೆ. ಗಾಡಿ ಠಾಣೆಯಲ್ಲಿದೆ. ಆನ್‌ಲೈನ್‌ನಲ್ಲಿ ಕಟ್ಟುವ ಆಪ್ಷನ್ ಬರುತ್ತಿಲ್ಲ. ಮನೆಯಲ್ಲಿ ಅಪ್ಪನಿಗೆ ಇನ್ನೂ ಹೇಳಿಲ್ಲ.

ಕಪ್ಪು_ಕೋಟು

ಅದು ಬರುವುದೂ ಇಲ್ಲ. ಕುಡಿದು ಓಡಿಸಿದ್ದಕ್ಕೆ 185ನೇ ಸೆಕ್ಷನ್. ರಸ್ತೆಯಲ್ಲೋ ಠಾಣೆಯಲ್ಲೋ ದಂಡ ಕಟ್ಟಿ ಮುಗಿಸುವಂಥದ್ದಲ್ಲ, ಮ್ಯಾಜಿಸ್ಟ್ರೇಟ್ ಮುಂದೆಯೇ ಆಗಬೇಕು. 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಕೇಸ್. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಡಿಎಲ್ ಕೂಡ ಅಮಾನತಾಗಬಹುದು. ಠಾಣೆಯಲ್ಲಿ ಕೊಟ್ಟ ನೋಟಿಸ್‌ನಲ್ಲಿ ಕೋರ್ಟ್ ಮತ್ತು ತಾರೀಖು ಇರುತ್ತದೆ, ಅವತ್ತು ತಪ್ಪದೆ ಹೋಗಲಿ. ಹೋಗದೆ ಇದ್ದರೆ ವಾರಂಟ್ ಆಗುವ ಸಾಧ್ಯತೆ ಇದೆ. ದಂಡ ಕಟ್ಟಿದ ರಸೀದಿ ಮತ್ತು ಗಾಡಿ ಬಿಡಲು ಕೋರ್ಟ್ ಕೊಡುವ ಆದೇಶ ತೋರಿಸಿ ಗಾಡಿ ಬಿಡಿಸಿಕೊಳ್ಳಿ.

ಅಪ್ಪನಿಗೆ ಇವತ್ತೇ ಹೇಳಿಬಿಡಿ. ಬೇರೆಯವರ ಬಾಯಿಂದ ಗೊತ್ತಾದರೆ ಜಾಸ್ತಿ ನೋಯುತ್ತಾರೆ.

ಮೀಟರ್_ಮೇಲೆ

ತಮ್ಮನಿಗೆ ಒಂದು ಮಾತು ಹೇಳಿ ಅಕ್ಕ. ರಾತ್ರಿ ಎರಡು ಗಂಟೆಗೂ ನಮ್ಮಂಥವರು ಗಾಡಿ ಇಟ್ಟುಕೊಂಡು ಕಾಯುತ್ತಿರುತ್ತೇವೆ. ಕುಡಿದವರು ಗುದ್ದಿದ ಆಟೊದಲ್ಲಿ ನನ್ನ ಗೆಳೆಯ ಇದ್ದ. ಅವನ ಕಾಲು ಇನ್ನೂ ಸರಿಯಾಗಿಲ್ಲ.

ಸಂಜೆಗಣ್ಣು

ಹೇಳುತ್ತೇನೆ ಅಣ್ಣ.

ಕುಡ್ಲದವ

ಎಲ್ಲರಿಗೂ ಒಂದು ಎಚ್ಚರಿಕೆ. ವಾಟ್ಸ್ಆ್ಯಪ್‌ನಲ್ಲಿ ನಿಮ್ಮ ಚಲನ್ ಬಾಕಿ ಇದೆ ಅಂತ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ. ನಮ್ಮ ಪಕ್ಕದ ಮನೆಯವರು ಅದನ್ನು ಇನ್‌ಸ್ಟಾಲ್ ಮಾಡಿ ಖಾತೆಯಲ್ಲಿದ್ದ ದುಡ್ಡು ಕಳೆದುಕೊಂಡರು. ಅವರ ಗಾಡಿ ನಂಬರ್ ಕೂಡ ಮೆಸೇಜ್‌ನಲ್ಲಿ ಸರಿಯಾಗಿಯೇ ಇತ್ತಂತೆ, ಅದಕ್ಕೇ ನಂಬಿದರು. ಸರ್ಕಾರಿ ಸೈಟಿನ ವಿಳಾಸದ ಕೊನೆ ಜಿಒವಿ ಡಾಟ್ ಇನ್ ಎಂದೇ ಇರಬೇಕು. ಮೆಸೇಜ್‌ನ ಲಿಂಕ್ ಒತ್ತದೆ ನೀವೇ ವಿಳಾಸ ಟೈಪ್ ಮಾಡಿ ಹೋಗಿ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಚಾಮುಂಡಿ_ಮೆಟ್ಟಿಲು

ಕೇಸ್ ಸಿಕ್ಕಿತು, ಮಂಡ್ಯದಲ್ಲಿತ್ತು. ಹೆಸರಿನಲ್ಲಿ ಒಂದು ಎ ಜಾಸ್ತಿ ಇತ್ತು. ಕಟ್ಟಿದೆ. ಇನ್ನೊಂದು ಸಂದೇಹ. ಆರು ತಿಂಗಳು ಕಳೆದರೆ ಟ್ರಾಫಿಕ್ ಕೇಸ್ ತಾನಾಗೇ ಬಿದ್ದುಹೋಗುತ್ತದೆ ಅಂತ ಆಫೀಸಿನಲ್ಲಿ ಹೇಳುತ್ತಾರೆ. ನಿಜವಾ?

ಕಪ್ಪು_ಕೋಟು

ಅರ್ಧ ನಿಜ. ಬರೀ ದಂಡ ಮಾತ್ರ ಇರುವ ಅಪರಾಧವನ್ನು ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಲು ಆರು ತಿಂಗಳ ಮಿತಿ ಇದೆ. ಹಳೇ ಸಿಆರ್‌ಪಿಸಿ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ಯಲ್ಲಿ 468, 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ 514ನೇ ಸೆಕ್ಷನ್. ಆದರೆ ಅದು ಕೋರ್ಟಿನ ಮುಂದೆ ಎತ್ತಬೇಕಾದ ವಾದ. ತಡ ಆಗಿದ್ದಕ್ಕೆ ಕಾರಣ ಇದ್ದರೆ ಕೋರ್ಟ್ ಮನ್ನಿಸಲೂಬಹುದು. ಕ್ಯಾಲೆಂಡರ್ ನೋಡುತ್ತಾ ಕೂತರೆ ಚಲನ್ ಸೈಟಿನಿಂದ ಅಳಿಸಿಹೋಗುವುದಿಲ್ಲ.

ಕ್ಯಾಮೆರಾ ಕೇಸುಗಳಿಗೆ ಇನ್ನೊಂದು ನಿಯಮ ಗೊತ್ತಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ 167ಎ ಸೇರಿಸಿದರು. ತಪ್ಪು ನಡೆದ 15 ದಿನದೊಳಗೆ ನೋಟಿಸ್ ಕಳಿಸಬೇಕು, ಪ್ರಕರಣ ಮುಗಿಯುವವರೆಗೆ ಫೋಟೊ ದಾಖಲೆ ಉಳಿಸಿಕೊಳ್ಳಬೇಕು ಎಂದು ಅದರಲ್ಲಿದೆ. ಹೇಮಾವತಿ ಅವರೇ, ಅರ್ಜಿ ಬರೆಯುವಾಗ ಈ ನಿಯಮದ ಹೆಸರು ಹಾಕಿ ಫೋಟೊ ಕೇಳಿ.

ಹೇಮಾವತಿ_ದಂಡೆ

ಸರ್, ಅರ್ಜಿ ಹೇಗೆ ಬರೆಯಬೇಕು? ವಕೀಲರನ್ನು ಇಡಲೇಬೇಕಾ? ಅಪ್ಪನ ಪೆನ್ಷನ್ನಿನಲ್ಲಿ ಫೀಸಿಗೆ ಅಂತ ತೆಗೆಯಲು ನನಗೆ ಮನಸ್ಸಿಲ್ಲ.

ಕಪ್ಪು_ಕೋಟು

ಇಡಲೇಬೇಕು ಅಂತೇನಿಲ್ಲ. ಕನ್ನಡದಲ್ಲೇ ಒಂದು ಪುಟ ಬರೆಯಿರಿ. ಸಿಎನ್‌ಆರ್, ಚಲನ್ ನಂಬರ್, ತಾರೀಖು ಮೇಲೆ ಬರಲಿ. ನನ್ನ ವಾಹನ ಸ್ಕೂಟರ್, ಬಣ್ಣ ಇದು, ಚಿತ್ರದಲ್ಲಿ ಇರುವುದು ಬೈಕ್, ನೋಂದಣಿ ಸಂಖ್ಯೆ ಕೆಎ 18ರಿಂದ ಶುರುವಾಗುತ್ತದೆ, ಹಾಗಾಗಿ ಪ್ರಕರಣ ಕೈಬಿಡಬೇಕು ಎಂದು ನೇರವಾಗಿ ಬರೆಯಿರಿ. ಆರ್‌ಸಿ ಪ್ರತಿ, ಚಲನ್ ಫೋಟೊ ಪ್ರಿಂಟ್, ನಿಮ್ಮ ಸ್ಕೂಟರ್ ಪ್ಲೇಟ್ ಕಾಣುವ ಹಾಗೆ ತೆಗೆದ ಫೋಟೊ. ಬ್ಯಾಟರಿ ಬದಲಾಯಿಸಿದ ಬಿಲ್ ಇದ್ದರೆ ಅದೂ ಇರಲಿ. ಒಂದು ಸೆಟ್ ಕೇಸ್ ಹಾಕಿದ ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲ್ ಹಾಕಿಸಿಕೊಳ್ಳಿ. ಕೋರ್ಟಿನಲ್ಲಿ ಅದನ್ನೇ ತೋರಿಸಿ.

ಸಹಾಯ ಬೇಕಾದರೆ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಅಥವಾ ಸಮಿತಿಯ ಆಫೀಸ್ ಇರುತ್ತದೆ. ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಸಂಕೋಚ ಬೇಡ, ಅದು ಇರುವುದೇ ಇದಕ್ಕೆ.

ಹೇಮಾವತಿ_ದಂಡೆ

(ಏಳು ವಾರದ ನಂತರ)

ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸಿ. ಮುಗಿಯಿತು.

ಹೆಲ್ಮೆಟ್ ಕೇಸ್ ಎರಡೂ ಅವತ್ತೇ ಕಟ್ಟಿದೆ. ಮೂರನೆಯದು ವರ್ಚುವಲ್ ಕೋರ್ಟಿನಲ್ಲಿ ಸಿಕ್ಕಿತು. ಮೊಬೈಲ್ ನಂಬರ್ ಬದಲಾಗುವ ತನಕ ಕಾಯಬೇಕಾಯಿತು. ಒಪ್ಪುವುದಿಲ್ಲ ಎನ್ನುವುದನ್ನು ಅಪ್ಪನ ಕೈಯಿಂದಲೇ ಒತ್ತಿಸಿದೆ. ಆಮೇಲೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ದಿನಾ ಬೆಳಿಗ್ಗೆ ನೋಡುತ್ತಿದ್ದೆವು. ಒಂದು ದಿನ ತಾರೀಖು ಬಂತು.

ಅರ್ಜಿ ಅಪ್ಪನೇ ಬರೆದರು, ಬೋರ್ಡ್ ಮೇಲೆ ಬರೆಯುವ ಹಾಗೆ ಗುಂಡು ಅಕ್ಷರದಲ್ಲಿ. ಬೆಳಿಗ್ಗೆ ಐದರ ಬಸ್ಸಿಗೆ ಹೊರಟೆವು. ಠಾಣೆಯಲ್ಲಿ ಫೋಟೊ ನೋಡಿದ ಎಎಸ್‌ಐ "ಮೇಷ್ಟ್ರೇ, ಇದು ನಿಮ್ಮ ಗಾಡಿ ಅಲ್ಲ" ಅಂತ ಅವರೇ ಹೇಳಿ, ಅರ್ಜಿ ತಗೊಂಡು ಸೀಲ್ ಹಾಕಿಕೊಟ್ಟರು. ಕೋರ್ಟಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದೆವು. ಹೆಸರು ಕರೆದಾಗ ಅಪ್ಪ ಒಬ್ಬರೇ ಮುಂದೆ ಹೋದರು. ಸಾಹೇಬರು ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿದರು, ಪೊಲೀಸರನ್ನು ಒಂದು ಪ್ರಶ್ನೆ ಕೇಳಿದರು. ಐದು ನಿಮಿಷವೂ ಆಗಲಿಲ್ಲ. ಈಗ ಆ್ಯಪ್‌ನಲ್ಲಿ ಮುಕ್ತಾಯ ಅಂತ ತೋರಿಸುತ್ತಿದೆ. ಬಸ್ ಚಾರ್ಜು, ಊಟ ಸೇರಿ 500ಕ್ಕಿಂತ ಜಾಸ್ತಿಯೇ ಖರ್ಚಾಯಿತು. ಅದರ ಬಗ್ಗೆ ಅಪ್ಪ ಒಂದು ಮಾತೂ ಆಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪೂರ್ತಿ ದಾರಿ ನಿದ್ದೆ ಮಾಡಿದರು.

ಕಪ್ಪು ಕೋಟು ಸರ್, ಮೀಟರ್ ಅಣ್ಣ, ಕುಡ್ಲದ ಅಣ್ಣ, ನಿಮ್ಮೆಲ್ಲರಿಗೂ ಅಪ್ಪ ನಮಸ್ಕಾರ ಹೇಳಿದ್ದಾರೆ.

ಮೀಟರ್_ಮೇಲೆ

ಮೇಷ್ಟ್ರಿಗೆ ನಮ್ಮ ಕಡೆಯಿಂದಲೂ ನಮಸ್ಕಾರ ಹೇಳಿ ಮೇಡಂ. ತುಂಬಾ ಖುಷಿ ಆಯಿತು.

ಕಪ್ಪು_ಕೋಟು

ಒಳ್ಳೆಯದಾಯಿತು. ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದ್ದೀರಾ? ಪರಿವಾಹನ್ ಸೈಟಿನಲ್ಲಿ ಇನ್ನೂ ಬಾಕಿ ಅಂತ ತೋರಿಸಿದರೆ ಅದೇ ಆಧಾರ.

ಹೇಮಾವತಿ_ದಂಡೆ

ಹಾಕಿದ್ದೇವೆ ಸರ್, ಬರಬೇಕು. ಸೈಟಿನಲ್ಲಿ ಇನ್ನೂ ಹಳೆಯದೇ ಇದೆ.

ಹಳೇಬೈಕ್

ಸ್ಕೂಟರ್ ಮಾರಿದಿರಾ?

ಹೇಮಾವತಿ_ದಂಡೆ

ಮಾತಾಗಿದೆ, ಇನ್ನೂ ಕೊಟ್ಟಿಲ್ಲ. ಸೈಟಿನಲ್ಲಿ ಬಾಕಿ ಹೋದ ಮೇಲೆ ಕೊಳ್ಳುವವರ ಜೊತೆ ನಾವೇ ಆರ್‌ಟಿಒಗೆ ಹೋಗುತ್ತೇವೆ. ಫಾರ್ಮ್ 29ರ ಒಂದು ಪ್ರತಿ ಅಪ್ಪನ ಫೈಲಿನಲ್ಲಿ ಇರುತ್ತದೆ.